ಒದ್ದೆ ಪಾಲಿನ ಇಪ್ಪತ್ತೆಂಟು ಸುತ್ತು

ಡಾರ್ಕಸ್ ಕೈಗವಸು ಕಳಚಿ ಇನ್ನೊಂದು ಸಲ ಎಣಿಸಿದಳು. ಉಗುರಿನ ತುದಿಯನ್ನು ಒಂದೊಂದೇ ಸುತ್ತಿನ ಮೇಲಿಡುತ್ತ, ನಡುವಿನ ಚುಕ್ಕೆಯಿಂದ ತೊಗಟೆಯವರೆಗೆ. ಇಪ್ಪತ್ತೆಂಟು. ಇರಬೇಕಾಗಿದ್ದದ್ದು ಏಳು.

ಜನವರಿ ತಿಂಗಳು, ಮಧ್ಯಾಹ್ನ ಎರಡೂವರೆ. ಬೆಳಕು ಆಗಲೇ ಹೊರಡುವ ಸಿದ್ಧತೆಯಲ್ಲಿತ್ತು. ಈಗಷ್ಟೇ ಕೆಡವಿದ ಹೇಜಲ್ ಕಾಂಡ ಅವಳ ಕಾಲ ಬಳಿ ಬಿದ್ದಿತ್ತು, ಅವಳ ತೊಡೆಯಷ್ಟು ದಪ್ಪ. ಮೂರು ವಾರದಿಂದ ಅವಳು ತನ್ನ ತೋಳುಗಳನ್ನು ಬೈದುಕೊಂಡಿದ್ದಳು. ಐವತ್ತೆರಡು ಚಳಿಗಾಲ ಮುದುಕ ಸಿರಿಲ್ ಒಬ್ಬನೇ ಮಾಡಿದ ಕೆಲಸ ತನ್ನ ಕೈಯಲ್ಲಿ ಯಾಕೆ ಸಾಗುತ್ತಿಲ್ಲ ಎಂದು ರಾತ್ರಿ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಯೋಚಿಸಿದ್ದಳು. ನೀರು ನಿಲ್ಲುವ ಜಾಗ, ಇಲ್ಲಿ ಮರ ಬೇಗ ದಪ್ಪವಾಗುತ್ತದೇನೋ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ನೋಡಿದರೆ ತಪ್ಪು ತೋಳಿನದಲ್ಲ. ವರ್ಷಕ್ಕೊಂದು ಸುತ್ತು, ಅಂದರೆ ಕಾಡಿನ ಈ ಪಾಲಿಗೆ ಇಪ್ಪತ್ತೆಂಟು ವರ್ಷದಿಂದ ಯಾರೂ ಮಚ್ಚು ಹಾಕಿಲ್ಲ.

ಅವಳಿಗೆ ಮೊದಲು ಬಂದದ್ದು ನಗು. ಅದರ ಹಿಂದೆಯೇ ಬಂದದ್ದು ಭಯ.

ಕೋಲ್ಡ್ ಪರ್ಟನ್ ಊರಿನ ಜನ ಆ ಕಾಡನ್ನು ಹನ್ನೆರಡೆಕರೆ ಎನ್ನುತ್ತಾರೆ. ಅಳೆದರೆ ಏಳೂವರೆ. ಉಳಿದ ನಾಲ್ಕೂವರೆ ಎಕರೆ ಎಲ್ಲಿಗೆ ಹೋಯಿತೆಂದು ಹೊರಗಿನವರು ಮಾತ್ರ ಕೇಳುತ್ತಾರೆ. ಕಾಡಿನಲ್ಲಿ ಏಳು ಪಾಲು. ಚಳಿಗಾಲಕ್ಕೊಂದರಂತೆ ಒಂದು ಪಾಲಿನ ಹೇಜಲ್ ಗಿಡಗಳನ್ನೆಲ್ಲ ಪಾದದ ಮಟ್ಟಕ್ಕೆ ಕಡಿಯುವುದು, ಬುಡದಿಂದ ಹೊಸ ಚಿಗುರು ಏಳಲು ಬಿಟ್ಟು ಮುಂದಿನ ಪಾಲಿಗೆ ಹೋಗುವುದು. ಏಳನೆಯ ವರ್ಷಕ್ಕೆ ತಿರುಗಿ ಬಂದಾಗ ಹೆಬ್ಬೆರಳಿನ ದಪ್ಪದ ನೆಟ್ಟನೆಯ ಕೋಲುಗಳು ಕಾದಿರುತ್ತವೆ. ಏಪ್ರಿಲ್ ಮೊದಲ ಶನಿವಾರ ಊರಿನ ಹಾಲ್‌ನಲ್ಲಿ ಅವುಗಳ ಮಾರಾಟ. ಬೀನ್ಸ್ ಬಳ್ಳಿ ಹಬ್ಬಿಸಲು ಊರಿಗೆ ಊರೇ ಕೊಳ್ಳುತ್ತದೆ. ಮೇ ಮೊದಲ ಭಾನುವಾರ ಬ್ಲೂಬೆಲ್ ಹೂ ನೋಡಲು ಎಲ್ಲರೂ ಕಾಡಿಗೆ ಬರುತ್ತಾರೆ. ಆವತ್ತು ಕಡಿದವನು ಆ ವರ್ಷದ ಪಾಲನ್ನು ತೋರಿಸಬೇಕು. ಕೈಬಿಡುವ ಮನಸ್ಸಿದ್ದರೆ, ಎಲ್ಲರೆದುರು ಮಚ್ಚನ್ನು ತನಗೆ ಬೇಕಾದವರಿಗೆ ಕೊಡಬೇಕು. ಯಾರಿಗೆ ಸಿಕ್ಕಿತೋ ಕಾಡು ಅವರ ಕೈಗೆ.

ಸಿರಿಲ್ ಹಾಬ್‌ಡೇಗೆ ಎಂಬತ್ತಾರು. ಅಕ್ಟೋಬರಿನಲ್ಲಿ ಸೊಂಟದ ಕೀಲು ಬದಲಾಯಿಸಿದ್ದರು. ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಅವನು ಡಾರ್ಕಸ್‌ಳನ್ನು ಅಡುಗೆಮನೆಗೆ ಕರೆದು, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಮಚ್ಚನ್ನು ಟೀ ಕಪ್ಪುಗಳ ನಡುವೆ ಇಟ್ಟಿದ್ದ.

"ಈ ಚಳಿಗಾಲಕ್ಕೆ ಮಾತ್ರ ಕಣಮ್ಮ. ಮೇ ಭಾನುವಾರ ನಿನ್ನ ಕೆಲಸ ನೋಡ್ತೀನಿ. ಚೆನ್ನಾಗಿದ್ರೆ ನಿಂದು. ಇಲ್ಲಾಂದ್ರೆ ವಾಪಸ್ಸು."

"ಈ ಸಲ ಯಾವ ಪಾಲು?"

"ಪುಸ್ತಕ ನೋಡ್ಕೊ."

ಪುಸ್ತಕ ಚರ್ಚಿನ ಬೀರುವಿನಲ್ಲಿತ್ತು. ಅವಳು ನೋಡಿಕೊಂಡು ಬಂದಳು. "ಒದ್ದೆ ಪಾಲು" ಎಂದಾಗ ಸಿರಿಲ್ ಕಿಟಕಿಯ ಕಡೆ ತಿರುಗಿದ್ದ.

"ಅದನ್ನ ಬಿಡು. ಪಕ್ಕದ ಓಕ್ ಪಾಲು ಕಡಿ. ಯಾರು ನೋಡ್ತಾರೆ?"

"ಪುಸ್ತಕದಲ್ಲಿ ಒದ್ದೆ ಪಾಲು ಅಂತಿದೆಯಲ್ಲ?"

"ಇದೆ. ಇದ್ರೇನಂತೆ?"

ಇದು ಪರೀಕ್ಷೆ ಎಂದುಕೊಂಡಳು ಡಾರ್ಕಸ್. ಹನ್ನೊಂದು ವರ್ಷ ಈ ಊರಿಗೆ ಅಂಚೆ ಹಂಚಿದವಳಿಗೆ ಇಲ್ಲಿಯವರ ರೀತಿ ಗೊತ್ತಿತ್ತು: ಇವರು ಬೇಡವೆಂದು ಬಾಯಲ್ಲಿ ಹೇಳಿ, ನೀನು ಮಾಡುತ್ತೀಯೋ ಇಲ್ಲವೋ ಎಂದು ಪರದೆಯ ಸಂದಿಯಿಂದ ನೋಡುವ ಜನ. ಹಾಗಾಗಿ ಅವಳು ಒದ್ದೆ ಪಾಲಿಗೇ ಹೋದಳು.

ದಿನವೂ ಒಂದು ಗಂಟೆಗೆ ಕೊನೆಯ ಮನೆಯ ಅಂಚೆ ಹಾಕಿ, ವ್ಯಾನನ್ನು ಗೇಟಿನ ಬಳಿ ನಿಲ್ಲಿಸಿ, ಕತ್ತಲಾಗುವವರೆಗೆ ಕೆಲಸ. ಹನ್ನೊಂದು ವರ್ಷದಲ್ಲಿ ಈ ಊರಿನ ಪ್ರತಿಯೊಂದು ಬಾಗಿಲೂ ಅವಳಿಗೆ ಗೊತ್ತಿತ್ತು, ಯಾವುದರ ಒಳಗೂ ಗೊತ್ತಿರಲಿಲ್ಲ. ಕಾಡಿಗೆ ಬಾಗಿಲೇ ಇರಲಿಲ್ಲ. ಅವಳಿಗೆ ನಲವತ್ತಮೂರು. ಏಳೂ ಪಾಲನ್ನು ಒಂದು ಸುತ್ತು ಕಡಿದು ಮುಗಿಸಿದರೆ ಐವತ್ತಾಗುತ್ತದೆ, ಆಗ ಮೊದಲು ಕಡಿದದ್ದು ಮತ್ತೆ ಬೆಳೆದು ನಿಂತಿರುತ್ತದೆ. ತನ್ನ ಬದುಕಿನಲ್ಲಿ ಇಷ್ಟು ನೇರವಾದ ಲೆಕ್ಕ ಅವಳು ಬೇರೆಲ್ಲೂ ಕಂಡಿರಲಿಲ್ಲ. ಅದು ಅವಳಿಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಯಾರಾದರೂ ಕೇಳಿದರೆ "ಸುಮ್ನೆ, ವ್ಯಾಯಾಮಕ್ಕೆ" ಎನ್ನುತ್ತಿದ್ದಳು.

ಸುತ್ತು ಎಣಿಸಿದ ದಿನ ಸಂಜೆ ಅವಳು ಮತ್ತೆ ಚರ್ಚಿಗೆ ಹೋಗಿ ಪುಸ್ತಕ ತೆರೆದಳು. ಸಿರಿಲ್‌ನ ಅಕ್ಷರ ನೆಲಕ್ಕೆ ಅಂಟಿಕೊಂಡು ತೆವಳುವಂಥದ್ದು. 'ಬೇಲಿ ಪಾಲು. ಕಡಿದಾಯಿತು. ಹಿಮ, ಕೆಮ್ಮು.' 'ಚರ್ಚ್ ಪಾಲು. ಕಡಿದಾಯಿತು. ದರಿದ್ರ ಮಳೆ.' 'ಓಕ್ ಪಾಲು. ಕಡಿದಾಯಿತು. ಗಾಳಿ, ಎರಡು ಬೆರಳು ಊತ.' ಒದ್ದೆ ಪಾಲಿಗೆ ಬಂದಳು. ಏಳು ವರ್ಷದ ಹಿಂದೆ: 'ಕಡಿದಾಯಿತು. ಹವೆ ಚೆನ್ನಾಗಿತ್ತು.' ಹದಿನಾಲ್ಕು ವರ್ಷದ ಹಿಂದೆ: 'ಕಡಿದಾಯಿತು. ಹವೆ ಚೆನ್ನಾಗಿತ್ತು.' ಇಪ್ಪತ್ತೊಂದು ವರ್ಷದ ಹಿಂದೆಯೂ ಹವೆ ಚೆನ್ನಾಗಿತ್ತು. ಐವತ್ತೆರಡು ಚಳಿಗಾಲದಲ್ಲಿ ಹವೆ ಚೆನ್ನಾಗಿದ್ದದ್ದು ಆ ಮೂರು ಸಲ ಮಾತ್ರ.

ಪುಸ್ತಕ ಮುಚ್ಚಿ ಬೀರುವಿನಲ್ಲಿಟ್ಟಳು. ಯಾರಿಗೂ ಹೇಳಲಿಲ್ಲ.

ಮಾರನೆಯ ದಿನ ಸಿರಿಲ್ ಮನೆಗೆ ಅಂಚೆ ಕೊಡಲು ಹೋದಾಗ ಅವನು ಊರುಗೋಲು ಹಿಡಿದು ಬಾಗಿಲಲ್ಲೇ ನಿಂತಿದ್ದ.

"ಹೇಗಿದೆ ಒದ್ದೆ ಪಾಲು?"

"ಒದ್ದೆ" ಎಂದಳು.

"ಗಿಡ?"

"ಸ್ವಲ್ಪ ದಪ್ಪ."

"ಹೂಂ" ಎಂದ ಸಿರಿಲ್. ಕರೆಂಟ್ ಬಿಲ್ಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹವೆ ಕೆಟ್ಟದಾಗಿದೆ, ಹುಷಾರು."

ಅವಳು ಎಲ್ಲವನ್ನೂ ಕಡಿದಳು. ಮಚ್ಚಿಗೆ ಬಗ್ಗದ್ದನ್ನು ಗರಗಸದಿಂದ, ಗರಗಸಕ್ಕೆ ಬಗ್ಗದ್ದನ್ನು ಬೈಗುಳದಿಂದ. ಫೆಬ್ರವರಿಯಲ್ಲಿ ಕೆಸರಿನಲ್ಲಿ ಮೊಣಕಾಲವರೆಗೆ ಹೂತು, ಹೊರಬರಲು ಕೈ ಊರಿದಾಗ ಏನೋ ಮೆತ್ತಗೆ ತಾಕಿತು. ಎಳೆದರೆ ಹಳೆಯ ರಬ್ಬರ್ ಬೂಟು, ಎಡಗಾಲಿನದು. ಒಳಗೆ ಒಂದು ಜರೀಗಿಡ ಬೇರುಬಿಟ್ಟು ನೆಮ್ಮದಿಯಾಗಿತ್ತು. ಯಾರದೋ ಏನೋ ಎಂದು ವ್ಯಾನಿನ ಹಿಂಭಾಗಕ್ಕೆ ಎಸೆದು ಮರೆತಳು. ಮಾರ್ಚ್ ಇಪ್ಪತ್ತರಂದು, ಹಕ್ಕಿ ಗೂಡು ಕಟ್ಟುವ ಮುಂಚೆ, ಕೊನೆಯ ಗಿಡ ಮುಗಿಯಿತು. ಜಿಂಕೆ ಚಿಗುರು ತಿನ್ನದಂತೆ ಪ್ರತಿ ಬುಡದ ಮೇಲೂ ಸೊಪ್ಪುಸದೆ ಒಟ್ಟಿದಳು. ದಪ್ಪ ತುಂಡುಗಳನ್ನು ಸೌದೆಯಂತೆ ಪೇರಿಸಿಟ್ಟಳು. ಬೀನ್ಸ್ ಕೋಲು ಎನ್ನಬಹುದಾದದ್ದು ನಲವತ್ತೂ ಸಿಗಲಿಲ್ಲ.

ಏಪ್ರಿಲ್ ಶನಿವಾರ ಹಾಲ್‌ನಲ್ಲಿ ಅವಳ ಮೇಜಿನ ಮುಂದೆ ನಿಂತವರಲ್ಲಿ ಮೊದಲಿಗಳು ಪ್ರೂಡೆನ್ಸ್ ಲವಿಬಾಂಡ್. ಊರ ಮಂಡಳಿಯ ಅಧ್ಯಕ್ಷೆ. ಆಗಸ್ಟ್ ತಿಂಗಳ ತರಕಾರಿ ಪ್ರದರ್ಶನದಲ್ಲಿ ಬೀನ್ಸಿನ ಮೊದಲ ಬಹುಮಾನವನ್ನು ಒಂಬತ್ತು ವರ್ಷದಿಂದ ಬೇರೆಯವರ ಕೈಗೆ ಬಿಟ್ಟವಳಲ್ಲ. ಅವಳು ಒಂದು ಕಾಂಡವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು.

"ಇದೇನಮ್ಮ ಇದು?"

"ಹೇಜಲ್, ಮಿಸೆಸ್ ಲವಿಬಾಂಡ್."

"ನಾನು ಬೀನ್ಸ್ ಬೆಳೀತೀನಿ. ಟೆಲಿಫೋನ್ ತಂತಿ ಎಳೆಯಲ್ಲ."

ಹಿಂದಿನಿಂದ ಪಬ್ಬಿನ ರಾಡ್ನಿ ಸ್ಪಿಂಕ್ ಕೂಗಿದ. "ನಂಗೆರಡು ಕೊಡು ಡಾರ್ಕಸ್! ಪಬ್ಬಿನ ಛಾವಣಿ ಕುಸೀತಾ ಇದೆ!"

ಜನ ನಕ್ಕರು. ಡಾರ್ಕಸ್ ಕೂಡ ನಕ್ಕಳು. ಬೇರೆ ಏನು ಮಾಡುವುದು. ನಾಲಿಗೆಯ ತುದಿಯಲ್ಲಿ 'ಇಪ್ಪತ್ತೆಂಟು' ಎಂಬ ಒಂದು ಸಂಖ್ಯೆ ಕೂತಿತ್ತು. ಅದನ್ನು ಹೊರಗೆ ಬಿಟ್ಟರೆ ನಗು ತಕ್ಷಣ ಮನೆ ಬದಲಾಯಿಸುತ್ತಿತ್ತು. ಹಾಲ್‌ನ ಗೋಡೆಯ ಮೇಲೆ, ರಾಣಿಯ ಹಳೆಯ ಚಿತ್ರದ ಕೆಳಗೆ, ಸಿರಿಲ್‌ನ ಚಿತ್ರವೂ ಇತ್ತು. ಐವತ್ತು ಚಳಿಗಾಲ ಮುಗಿಸಿದ್ದಕ್ಕೆ ಮಂಡಳಿಯವರು ಕೊಟ್ಟ ತಟ್ಟೆ ಹಿಡಿದು, ಹಲ್ಲುನೋವಿನವನಂತೆ ನಿಂತಿದ್ದ. ಅವಳು ಆ ಸಂಖ್ಯೆಯನ್ನು ನುಂಗಿದಳು.

"ಮೊದಲ ವರ್ಷ, ಗೊತ್ತಾಗಲಿಲ್ಲ" ಎಂದಳು.

"ಗೊತ್ತಾಗ್ದೆ ಇರೋರ ಕೈಗೆ ಕಾಡು ಕೊಡೋದಕ್ಕಾಗಲ್ಲ" ಎಂದಳು ಪ್ರೂಡೆನ್ಸ್. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟ. "ಮೆಷಿನ್ ತರೋ ಕಂಪನಿಯವರೊಬ್ಬರು ಇದಾರೆ. ಮೂರು ದಿನದ ಕೆಲಸವಂತೆ. ಮೇ ಭಾನುವಾರ ಸಿರಿಲ್ ಹತ್ರ ಮಾತಾಡ್ತೀನಿ." ಹೊರಗೆ ಹೋಗುವಾಗ ಅವಳ ಹೆಗಲ ಮೇಲೆ ಅಂಗಡಿಯಿಂದ ತಂದ ಬಿದಿರು ಕೋಲುಗಳ ಕಟ್ಟು ಇದ್ದದ್ದನ್ನು ಡಾರ್ಕಸ್ ಕಂಡಳು. ಆ ಬಿದಿರು ಅವಳನ್ನು ಉಳಿದ ಯಾವ ಮಾತಿಗಿಂತ ಹೆಚ್ಚು ಚುಚ್ಚಿತು.

ಮೇ ಭಾನುವಾರ ಬೆಳಿಗ್ಗೆಯಿಂದಲೇ ಬಿಸಿಲು. ಹಿಂದಿನ ವಾರವೆಲ್ಲ ಮಳೆ ಸುರಿದಿದ್ದರಿಂದ ಕಾಡಿನ ದಾರಿ ಕಲಸಿದ ಕೇಕ್ ಹಿಟ್ಟಿನ ಹಾಗಿತ್ತು. ಸಿರಿಲ್‌ನ ಬ್ಯಾಟರಿ ಕುರ್ಚಿ ಗೇಟು ದಾಟಿ ಹತ್ತು ಗಜಕ್ಕೇ ನಿಂತುಬಿಟ್ಟಿತು. ರಾಡ್ನಿ ತನ್ನ ತೋಟದ ಒಂಟಿಚಕ್ರದ ಕೈಗಾಡಿ ತಂದ. ಚರ್ಚಿನಲ್ಲಿ ಮೊಣಕಾಲೂರುವ ದಿಂಬು ಎರಡನ್ನು ಹಾಸಿ, ಅದರ ಮೇಲೆ ಸಿರಿಲ್‌ನನ್ನು ಕೂರಿಸಿದರು. ಮಡಿಲಲ್ಲಿ ಡಾರ್ಕಸ್ ಹಿಂದಿನ ದಿನ ಮರಳಿಸಿದ ಮಚ್ಚು, ಕಂಕುಳಲ್ಲಿ ಪುಸ್ತಕ.

"ಗೊಬ್ಬರ ಹೊರೋ ಗಾಡಿ ಇದು" ಎಂದ ಸಿರಿಲ್.

"ಅದಕ್ಕೇ ತಂದಿದ್ದು" ಎಂದ ರಾಡ್ನಿ.

ಹಿಡಿಕೆ ಹಿಡಿದದ್ದು ಡಾರ್ಕಸ್. ದಾರಿಯ ಎರಡೂ ಕಡೆ ಬ್ಲೂಬೆಲ್ ಹೂಗಳು ಎಷ್ಟು ದಟ್ಟವಾಗಿ ಅರಳಿದ್ದವೆಂದರೆ ನೆಲ ಎಲ್ಲಿದೆ ಎಂದು ಹೇಳಲಾಗುತ್ತಿರಲಿಲ್ಲ. ಮರಗಳ ಬುಡದಲ್ಲಿ ಯಾರೋ ನೀಲಿ ಹೊಗೆ ಹಾಕಿ ಮರೆತು ಹೋದಂತಿತ್ತು. ಜನ ಕೇಕ್ ಹಿಡಿದು, ನಾಯಿ ಹಿಡಿದು, ತಗ್ಗಿದ ದನಿಯಲ್ಲಿ ಮಾತಾಡುತ್ತ ಮುಂದೆ ನಡೆದಿದ್ದರು. ಸಿರಿಲ್‌ನ ಟೋಪಿಯಷ್ಟೇ ಅವಳಿಗೆ ಕಾಣುತ್ತಿತ್ತು. ಓಕ್ ಪಾಲಿನ ತಿರುವಿನಲ್ಲಿ, ಹಿಂದೆ ನೋಡದೆಯೇ, ಕೇಳಿದ.

"ಎಣಿಸಿದ್ಯಾ?"

"ಎಣಿಸಿದೆ."

"ಯಾವಾಗ?"

"ಜನವರೀಲಿ."

ಚಕ್ರ ಒಂದು ಬೇರಿನ ಮೇಲೆ ಹತ್ತಿ ಇಳಿಯಿತು.

"ಯಾರಿಗೂ ಹೇಳಿಲ್ವಾ?"

"ಹೇಳೋದೇನಿದೆ?"

"ಪೆದ್ದಿ" ಎಂದ ಸಿರಿಲ್. ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡ.

ಒದ್ದೆ ಪಾಲು ನೋಡಲು ಚೆಂದವಿರಲಿಲ್ಲ. ಸುತ್ತಲಿನ ನೀಲಿಯ ನಡುವೆ ಅದೊಂದು ಕಂದು ಗಾಯ. ಕೆಸರು, ಸೊಪ್ಪುಸದೆಯ ಗುಡ್ಡೆಗಳು, ಪೇರಿಸಿಟ್ಟ ದಪ್ಪ ತುಂಡುಗಳು, ಮೇಲೆ ಯಾವ ಮರ್ಯಾದೆಯೂ ಇಲ್ಲದ ಬಯಲು ಆಕಾಶ. ಮುಂದೆ ಬಂದವರು ಅಲ್ಲಿ ನಿಂತು ಕೇಕ್ ತಿನ್ನುವುದನ್ನು ನಿಧಾನ ಮಾಡಿದರು. ಯಾರೋ "ಅಯ್ಯೋ" ಎಂದರು. ಡಾರ್ಕಸ್ ಗಾಡಿ ನಿಲ್ಲಿಸಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡಳು.

"ಆ ಸೊಪ್ಪು ಸರಿಸು" ಎಂದ ಸಿರಿಲ್.

ಅವಳು ಹತ್ತಿರದ ಒಂದು ಬುಡದ ಮೇಲಿನ ಸದೆ ಎತ್ತಿದಳು. ಸಿರಿಲ್ ಗಾಡಿಯಿಂದ ಬಾಗಿ, ಊರುಗೋಲಿನ ತುದಿಯಿಂದ ಕಡಿತದ ಅಂಚನ್ನು ಸವರಿದ. ಕಡಿತ ನೆಲಕ್ಕೆ ಹತ್ತಿರ, ಹೊರಕ್ಕೆ ಇಳಿಜಾರು. ಮಳೆ ಬಿದ್ದರೆ ನೀರು ನಿಲ್ಲದೆ ಹರಿದು ಹೋಗುವ ಹಾಗೆ. ಎಲ್ಲೂ ಸೀಳಿಲ್ಲ, ತೊಗಟೆ ಕಿತ್ತಿಲ್ಲ. ಅಂಚಿನಲ್ಲಿ ಬೆಂಕಿಕಡ್ಡಿ ತಲೆಯಷ್ಟು ಕೆಂಪು ಮೊಗ್ಗುಗಳು ಆಗಲೇ ಉಬ್ಬಿದ್ದವು.

"ಇನ್ನೊಂದು."

ಇನ್ನೊಂದು. ಹೀಗೆ ಐದು ಬುಡ ನೋಡಿದ. ಮುಖದಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಪ್ರೂಡೆನ್ಸ್ ಲವಿಬಾಂಡ್ ಸೌದೆಯ ರಾಶಿಯಿಂದ ಒಂದು ತುಂಡು ಉರುಳಿಸಿ, ಕರವಸ್ತ್ರ ಹಾಸಿ, ಅದರ ಮೇಲೆ ಕೂತಿದ್ದಳು. ತಟ್ಟೆ ತೊಡೆಯ ಮೇಲೆ. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದ ಹೆಂಗಸು. ಎದುರಿಗೆ ರಾಶಿಯ ಕೊಯ್ದ ತುದಿಗಳು ಸಾಲಾಗಿ ಕಂಡಾಗ ಅವಳ ಫೋರ್ಕು ತಾನಾಗಿಯೇ ಒಂದರ ಮೇಲೆ ಹೋಯಿತು. ತುಟಿ ಅಲ್ಲಾಡತೊಡಗಿತು. ಡಾರ್ಕಸ್ ಅದನ್ನು ಕಂಡಳು. ಹನ್ನೊಂದು, ಹನ್ನೆರಡು. ಡಾರ್ಕಸ್ ಪಕ್ಕದವರ ಕೈಯಿಂದ ಕೇಕಿನ ತಟ್ಟೆ ಕಸಿದು ಅತ್ತ ಹೋದಳು.

"ಮಿಸೆಸ್ ಲವಿಬಾಂಡ್, ಇನ್ನೊಂದು ತುಂಡು ಕೇಕ್?"

"ತಡಿಯಮ್ಮ." ಇಪ್ಪತ್ತಾರು, ಇಪ್ಪತ್ತೇಳು. ಫೋರ್ಕು ನಿಂತಿತು. ಇನ್ನೊಂದು ತುದಿಯ ಮೇಲೆ ಮತ್ತೆ ಶುರುವಾಯಿತು. ಮತ್ತೆ ನಿಂತಿತು. "ಇಪ್ಪತ್ತೆಂಟು" ಎಂದಳು ಪ್ರೂಡೆನ್ಸ್, ಎಲ್ಲರಿಗೂ ಕೇಳುವಂತೆ. "ಇಲ್ಲಿ ಇಪ್ಪತ್ತೆಂಟು ವರ್ಷ ಇದೆ."

ಒಂದು ನಾಯಿ ಕೆಸರಿನಲ್ಲಿ ಉರುಳುತ್ತಿತ್ತು, ಅದನ್ನು ಯಾರೂ ಬೈಯಲಿಲ್ಲ.

"ಒದ್ದೆ ನೆಲ ಅಲ್ವಾ" ಎಂದಳು ಡಾರ್ಕಸ್. ಅವಳ ದನಿ ಅವಳಿಗೇ ಬೇರೆಯವರದೆನಿಸಿತು. "ನೀರು ಜಾಸ್ತಿ ಇರೋ ಕಡೆ ಸುತ್ತು ಜಾಸ್ತಿ ಬರುತ್ತೆ. ವರ್ಷಕ್ಕೆ ನಾಲ್ಕು. ಮಳೆಗಾಲಕ್ಕೊಂದು, ಮಂಜಿಗೊಂದು... ನಾಲ್ಕು."

"ವರ್ಷಕ್ಕೆ ನಾಲ್ಕಾ?" ಎಂದ ರಾಡ್ನಿ.

"ಹೂಂ. ಎಲ್ರಿಗೂ ಗೊತ್ತಿರೋದೇ."

ಕೈಗಾಡಿಯಿಂದ ಒಂದು ಸದ್ದು ಬಂತು. ಮೊದಲು ಸಿರಿಲ್‌ಗೆ ಉಸಿರು ಕಟ್ಟಿತೆಂದು ಡಾರ್ಕಸ್ ಹೆದರಿದಳು. ಅವನು ನಗುತ್ತಿದ್ದ. ಹೊಸ ಸೊಂಟಕ್ಕೆ ಕೈಯೊತ್ತಿಕೊಂಡು, ಟೋಪಿ ಕಣ್ಣಿಗೆ ಜಾರಿ ಬೀಳುವಷ್ಟು.

"ಮಳೆಗಾಲಕ್ಕೊಂದು, ಮಂಜಿಗೊಂದು! ಐವತ್ತೆರಡು ವರ್ಷ ಇದ್ದೂ ನಂಗೆ ಇಂಥ ಸುಳ್ಳು ಹೊಳೀಲಿಲ್ವಲ್ಲ. ಪ್ರೂ, ನೀನು ಎಣಿಸಿದ್ದು ಸರಿ ಇದೆ. ನಾನಿಲ್ಲಿ ಕಡಿದು ಇಪ್ಪತ್ತೆಂಟು ವರ್ಷ ಆಯ್ತು."

"ಪುಸ್ತಕದಲ್ಲಿ..." ಎಂದಳು ಪ್ರೂಡೆನ್ಸ್.

"ಪುಸ್ತಕದಲ್ಲಿ ನಾನೇ ಬರ್ದಿದ್ದು. ಇಪ್ಪತ್ತೊಂದು ವರ್ಷದ ಹಿಂದೆ ಮೊದಲನೇ ದಿನ ಇಲ್ಲಿಗೆ ಬಂದೆ. ಸೊಂಟದವರೆಗೆ ಹೂತ್ಕೊಂಡೆ. ಒಂದು ಗಂಟೆ ಕೂಗಿದೆ. ಯಾರೂ ಬರ್ಲಿಲ್ಲ, ಎಲ್ಲಾ ಪಬ್ಬಲ್ಲಿದ್ರಿ. ಒಂದು ಬೂಟು ಬಿಟ್ಟು ಈಚೆ ಬಂದೆ. ಒಂದೇ ಕಾಲಲ್ಲಿ ಬೂಟು ಹಾಕ್ಕೊಂಡು ಮನೆವರೆಗೂ ನಡೆದೆ. ಈ ವರ್ಷ ಬೇಡ, ಮುಂದಿನ ಸಲ ನೋಡೋಣ ಅಂದ್ಕೊಂಡೆ. ಮುಂದಿನ ಸಲಕ್ಕೆ ದಪ್ಪ ಆಗಿತ್ತು. ಅದರ ಮುಂದಿನ ಸಲಕ್ಕೆ..." ಅವನು ಪೇರಿಸಿದ ರಾಶಿಯ ಕಡೆ ಕೈ ಮಾಡಿದ. "ಓಕ್ ಪಾಲಿನ ಎಳೇ ಕೋಲೇ ಕಡಿದು ನಿಮಗೆ ಮಾರ್ದೆ. ಮೇ ಭಾನುವಾರ ಆ ತಿರುವಲ್ಲೇ ನಿಲ್ಲಿಸಿ, ಅದನ್ನೇ ಒದ್ದೆ ಪಾಲು ಅಂತ ತೋರಿಸ್ದೆ."

"ನಂಗೆ ಬಹುಮಾನ ತಪ್ಪಿದ ವರ್ಷ ನನ್ನ ಬೀನ್ಸ್ ಬಳ್ಳಿ ಎಲ್ಲಾ ಮುರಿದು ಬಿದ್ದಿತ್ತು" ಎಂದಳು ಪ್ರೂಡೆನ್ಸ್ ನಿಧಾನಕ್ಕೆ. "ಹದಿನಾಲ್ಕು ವರ್ಷದ ಹಿಂದೆ. ಕೋಲು ಸಣ್ಣ ಇತ್ತು."

"ನಾನೇ, ಪ್ರೂ."

"ಮೂರು ಸಲ ಸುಳ್ಳು ಬರ್ದಿದ್ದೀಯಾ?"

"'ಕಡಿದಾಯಿತು' ಅನ್ನೋದು ಮಾತ್ರ ಸುಳ್ಳು. 'ಹವೆ ಚೆನ್ನಾಗಿತ್ತು' ಅನ್ನೋದು ನಿಜ. ಅರ್ಧ ಚಳಿಗಾಲ ನಾನು ಮನೇಲಿ ಒಲೆ ಮುಂದೆ ಕೂತಿದ್ದೆ. ಬಹಳ ಚೆನ್ನಾಗಿತ್ತು."

ಮೊದಲು ನಕ್ಕವನು ರಾಡ್ನಿ. ಆಮೇಲೆ ಎಲ್ಲರೂ. ಈ ಸಲ ನಗು ಡಾರ್ಕಸ್‌ಳ ಮೇಲೆ ಬೀಳಲಿಲ್ಲ, ಅವಳ ಪಕ್ಕದಲ್ಲಿ ನಿಂತಿತು. ಪ್ರೂಡೆನ್ಸ್ ಮಾತ್ರ ನಗಲಿಲ್ಲ. ಎದ್ದು, ಕರವಸ್ತ್ರ ಮಡಿಸಿ, ಕೆಸರಿನೊಳಗೆ ನಾಲ್ಕು ಹೆಜ್ಜೆ ಇಟ್ಟು, ಸಿರಿಲ್ ನೋಡಿದ್ದ ಬುಡವನ್ನು ತಾನೂ ಬಗ್ಗಿ ನೋಡಿದಳು. ಬೆರಳಿನಿಂದ ಮೊಗ್ಗು ಮುಟ್ಟಿದಳು. ತರಕಾರಿ ಬೆಳೆಯುವವಳ ಬೆರಳು, ಅದಕ್ಕೆ ತಿಳಿಯಬೇಕಾದದ್ದು ತಿಳಿಯಿತು.

"ಇದನ್ನೆಲ್ಲಾ ನೀನೊಬ್ಬಳೇ ಕಡಿದಿದ್ದಾ?"

"ಹೌದು."

"ಇಪ್ಪತ್ತೆಂಟು ವರ್ಷದ್ದನ್ನ? ಬುಡಕ್ಕೆ ಸರಿಯಾಗಿ?"

"ಏಳು ವರ್ಷದ್ದೇ ಅಂದ್ಕೊಂಡಿದ್ದೆ, ಮೊದಲಲ್ಲಿ."

ಪ್ರೂಡೆನ್ಸ್ ಬೆರಳಿನ ಕೆಸರನ್ನು ಕರವಸ್ತ್ರಕ್ಕೆ ಒರೆಸಿದಳು. "ಕಂಪನಿಯವರ ಮೆಷಿನ್ನು ಇಲ್ಲಿಗೆ ಬಂದಿದ್ರೆ ಅದೂ ಹೂತ್ಕೊಳ್ತಿತ್ತು" ಎಂದಳು. ಅವಳಿಂದ ಅಷ್ಟು ಬಂದದ್ದೇ ಹೆಚ್ಚು. ಆಮೇಲೆ ಒಂದು ಮಾತು ಸೇರಿಸಿದಳು. "ಮುಂದಿನ ವರ್ಷ ನಂಗೆ ಅರವತ್ತು ಕೋಲು ಬೇಕು. ನೆಟ್ಟಗಿರೋದು. ಬಿದಿರಿನ ಮೇಲೆ ಬೆಳೆದ ಬೀನ್ಸ್ ತಗೊಂಡು ಪ್ರದರ್ಶನಕ್ಕೆ ಹೋಗೋದಂದ್ರೆ ನನಗೆ ನಾಚಿಕೆ ಆಗುತ್ತೆ."

ಸಿರಿಲ್ ಮಚ್ಚನ್ನು ಎಣ್ಣೆ ಬಟ್ಟೆಯಿಂದ ಬಿಡಿಸಿದ. ಹಿಡಿಯನ್ನು ಡಾರ್ಕಸ್‌ಳ ಕಡೆಗೆ ತಿರುಗಿಸಿ ಚಾಚಿದ. ಅವನು ಏನಾದರೂ ಹೇಳುತ್ತಾನೆಂದು ಎಲ್ಲರೂ ಕಾದರು.

"ಹಿಡ್ಕೊ. ಕೈ ನೋಯ್ತಿದೆ" ಎಂದ.

ಅವಳು ಹಿಡಿದುಕೊಂಡಳು. ಇಡೀ ಚಳಿಗಾಲ ಹಿಡಿದಿದ್ದ ಮಚ್ಚೇ ಅದು, ಆದರೂ ತೂಕ ಬೇರೆಯಾಗಿತ್ತು. ಕಣ್ಣು ತುಂಬಿ ಬರುವಂತಾಯಿತು. ಈ ಊರಿನಲ್ಲಿ ಅದಕ್ಕೆ ಅವಕಾಶ ಕಡಿಮೆ, ಹಾಗಾಗಿ ಅವಳಿಗೆ ಥಟ್ಟನೆ ಬೇರೆ ಏನೋ ನೆನಪಾಯಿತು.

"ಬಂದೆ" ಎಂದು ಗೇಟಿನ ಕಡೆ ಓಡಿದಳು. ಮಚ್ಚು ಹಿಡಿದುಕೊಂಡೇ ಓಡಿದ ಅಂಚೆಯವಳನ್ನು ಕಂಡು ಎದುರಿಗೆ ಬರುತ್ತಿದ್ದ ಒಂದು ಸಂಸಾರ ದಾರಿ ಬಿಟ್ಟು ಬ್ಲೂಬೆಲ್‌ಗಳ ನಡುವೆ ನಿಂತಿತು. ಅವಳು ವಾಪಸು ಬಂದಾಗ ಇನ್ನೊಂದು ಕೈಯಲ್ಲಿ ಆ ರಬ್ಬರ್ ಬೂಟು ಇತ್ತು. ಜರೀಗಿಡ ಇನ್ನೂ ಒಳಗೇ, ವ್ಯಾನಿನ ಕತ್ತಲಲ್ಲೂ ಒಂದು ಹೊಸ ಸುರುಳಿ ಬಿಟ್ಟಿತ್ತು.

ಸಿರಿಲ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ತಿರುಗಿಸಿ ಅಂಗಾಲು ನೋಡಿದ.

"ಎಡಗಾಲಿಂದು" ಎಂದ. "ಬಲಗಾಲಿಂದು ಇನ್ನೂ ಮನೇಲಿದೆ."

"ಅದನ್ಯಾಕೆ ಇಟ್ಕೊಂಡಿದ್ದೀಯೋ?" ಎಂದ ರಾಡ್ನಿ.

"ಚೆನ್ನಾಗಿರೋ ಬೂಟು ಕಣೋ, ಎಸೆಯಕ್ಕಾಗುತ್ತಾ?"

ಆಮೇಲೆ ಪುಸ್ತಕ ತೆರೆದರು. ಕಡಿದವರು ಆ ಭಾನುವಾರವೇ ಬರೆದು ಮುಗಿಸಬೇಕು. ಡಾರ್ಕಸ್ ಸೌದೆಯ ರಾಶಿಯ ಮೇಲೆ ಪುಸ್ತಕ ಇಟ್ಟು, ಅಂಚೆಯ ಪೆನ್ನಿನಿಂದ, ತನ್ನ ದುಂಡಗಿನ ಅಕ್ಷರದಲ್ಲಿ ಬರೆದಳು: 'ಒದ್ದೆ ಪಾಲು. ಕಡಿದಾಯಿತು. ಡಿಸೆಂಬರಿನಿಂದ ಮಾರ್ಚಿನವರೆಗೆ ಮಳೆ. ಬೆನ್ನು.' ಸ್ವಲ್ಪ ಯೋಚಿಸಿ, ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಬೂಟು ಸಿಕ್ಕಿತು.'

ಹೊರಡುವಾಗ ಕೈಗಾಡಿ ಅಲುಗಲಿಲ್ಲ. ಅಷ್ಟು ಹೊತ್ತು ಒಂದೇ ಕಡೆ ನಿಂತು ಚಕ್ರ ಅರ್ಧ ಹೂತು ಹೋಗಿತ್ತು. ಡಾರ್ಕಸ್ ಹಿಡಿಕೆ ಎತ್ತಿದಳು, ರಾಡ್ನಿ ಪಕ್ಕದಿಂದ ಎಳೆದ, ಪ್ರೂಡೆನ್ಸ್ ಲವಿಬಾಂಡ್ ಅಂಗಿಯ ತೋಳು ಮಡಿಸಿ ಮುಂದಿನಿಂದ ಹೆಗಲು ಕೊಟ್ಟಳು.

"ನೂಕ್ರಿ, ನೂಕ್ರಿ" ಎಂದ ಸಿರಿಲ್ ಬೂಟನ್ನು ಎದೆಗೊತ್ತಿಕೊಂಡು. "ಈ ಸಲ ಕೂಗೋ ಕೆಲಸ ಇಲ್ಲ, ಎಲ್ಲಾ ಇಲ್ಲೇ ಇದ್ದೀರಿ."

ಮೂರನೆಯ ಸಲಕ್ಕೆ ಕೆಸರು ದೊಡ್ಡದಾಗಿ ಬಾಯಿ ಚಪ್ಪರಿಸಿ ಚಕ್ರವನ್ನು ಬಿಟ್ಟಿತು. ಗಾಡಿ ಹಿಂದಕ್ಕೆ ಸರಿದ ಜಾಗದಲ್ಲಿ, ಗುಂಡಿಯ ಅಂಚಿನಲ್ಲಿ, ಬೆಳಕು ಕಂಡು ಎಷ್ಟೋ ವರ್ಷವಾದ ಮೂರು ಪ್ರಿಮ್‌ರೋಸ್ ಹೂಗಳು ಮೈಗೆಲ್ಲ ಕೆಸರು ಸಿಡಿಸಿಕೊಂಡು ನಿಂತಿದ್ದವು. ಡಾರ್ಕಸ್ ಅವುಗಳ ಮೇಲೆ ಕಾಲಿಡದಂತೆ ಸುತ್ತಿ ಬಂದು, ಮಚ್ಚನ್ನು ಸಿರಿಲ್‌ನ ಪಕ್ಕದಲ್ಲಿ ದಿಂಬಿನ ಮೇಲಿಟ್ಟು, ಹಿಡಿಕೆ ಹಿಡಿದಳು. ಗೇಟಿನ ಬಳಿ ಎಲ್ಲರಿಗೂ ಇಟ್ಟಿದ್ದ ಟೀ ಆರುವ ಮುಂಚೆ ಅಲ್ಲಿಗೆ ಮುಟ್ಟಬೇಕಾಗಿತ್ತು.